ಕತ್ತರಿ ತಾಗಿದರೆ ಕ್ಯಾನ್ಸರ್ ಹರಡುತ್ತದೆಯೇ? ಡಾ. ಬಿಲ್‌ರೋತ್ ಬದುಕು ಹೇಳುವ ಉತ್ತರ

ಹೊಟ್ಟೆಯ ಕ್ಯಾನ್ಸರ್‌ಗೆ ಆಪರೇಷನ್ ಮಾಡಿಸಬೇಡಿ, ಕತ್ತರಿ ತಾಗಿದ ಕೂಡಲೇ ರೋಗ ಮೈಯೆಲ್ಲ ಹರಡುತ್ತದೆ ಎನ್ನುವ ಸಂದೇಶ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಆಗಾಗ ಸುತ್ತುತ್ತಿರುತ್ತದೆ. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ಜಠರ ತೆಗೆದರೆ ಮನುಷ್ಯ ಊಟ ಮಾಡಲಾರ, ಹೆಚ್ಚು ದಿನ ಉಳಿಯಲಾರ ಎಂದು. ಇದನ್ನು ನಂಬಿ ಆಪರೇಷನ್ ಮುಂದೂಡಿದರೆ ಗುಣವಾಗಬಹುದಾದ ಕಾಯಿಲೆಯೂ ಕೈಮೀರಿ ಹೋಗಬಹುದು.

ಈ ಭಯ ಬಂದದ್ದು ಎಲ್ಲಿಂದ? ಅದರಲ್ಲಿ ನಿಜವೆಷ್ಟು? ಇದನ್ನು ತಿಳಿಯಲು ನಾವು ಸುಮಾರು 145 ವರ್ಷ ಹಿಂದಕ್ಕೆ, ಆಸ್ಟ್ರಿಯಾದ ವಿಯೆನ್ನಾ ನಗರಕ್ಕೆ ಹೋಗಬೇಕು. ಜಠರದ ಕ್ಯಾನ್ಸರ್ ಗಡ್ಡೆಯನ್ನು ಕತ್ತರಿಸಿ ತೆಗೆದು, ರೋಗಿಯನ್ನು ಮೊದಲ ಬಾರಿಗೆ ಬದುಕಿಸಿ ಮನೆಗೆ ಕಳಿಸಿದ ಥಿಯೋಡೋರ್ ಬಿಲ್‌ರೋತ್ ಅಲ್ಲಿದ್ದರು.

ಸಂಗೀತದ ಹುಚ್ಚಿನ ಹುಡುಗ

ಬಿಲ್‌ರೋತ್ ಹುಟ್ಟಿದ್ದು 1829ರ ಏಪ್ರಿಲ್ 26ರಂದು, ಈಗಿನ ಜರ್ಮನಿಯ ಉತ್ತರ ತುದಿಯಲ್ಲಿರುವ ರ್ಯೂಗನ್ ದ್ವೀಪದಲ್ಲಿ. ತಂದೆ ಚರ್ಚಿನ ಪಾದ್ರಿ. ಮಗನಿಗೆ ಐದು ವರ್ಷವಾದಾಗ ಕ್ಷಯ ರೋಗದಿಂದ ತೀರಿಕೊಂಡರು. ಹುಡುಗ ಓದಿನಲ್ಲಿ ಹಿಂದೆ, ಪಿಯಾನೊ ನುಡಿಸುವುದರಲ್ಲಿ ಮುಂದೆ. ಸಂಗೀತಗಾರನಾಗುವ ಆಸೆಯಿದ್ದರೂ ತಾಯಿಯ ಒತ್ತಾಯಕ್ಕೆ ಮಣಿದು ವೈದ್ಯಕೀಯ ಓದಿದರು. 1852ರಲ್ಲಿ ಬರ್ಲಿನ್‌ನಲ್ಲಿ ಡಾಕ್ಟರ್ ಪದವಿ ಪಡೆದು, ಅಲ್ಲಿಯೇ ಹೆಸರಾಂತ ಸರ್ಜನ್ ಲಾಂಗೆನ್‌ಬೆಕ್ ಅವರ ಕೈಕೆಳಗೆ ಪಳಗಿದರು.

ಸಂಗೀತ ಮಾತ್ರ ಕೊನೆಯವರೆಗೂ ಬಿಡಲಿಲ್ಲ. ಸಂಗೀತ ಸಂಯೋಜಕ ಬ್ರಾಮ್ಸ್ ಅವರ ಆಪ್ತ ಸ್ನೇಹಿತ. ಅವರು ತಮ್ಮ ಎರಡು ಕೃತಿಗಳನ್ನು ಬಿಲ್‌ರೋತ್ ಅವರಿಗೇ ಅರ್ಪಿಸಿದ್ದಾರೆ.

ಸತ್ತವರನ್ನೂ ಲೆಕ್ಕಕ್ಕೆ ಸೇರಿಸಿದ ಸರ್ಜನ್

1860ರಲ್ಲಿ ಬಿಲ್‌ರೋತ್ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಪ್ರೊಫೆಸರ್ ಆದರು. ಆ ಕಾಲದ ಸರ್ಜನ್‌ಗಳು ಸಾಮಾನ್ಯವಾಗಿ ತಮ್ಮ ಗೆಲುವಿನ ಕಥೆಗಳನ್ನಷ್ಟೇ ಬರೆಯುತ್ತಿದ್ದರು. ಬಿಲ್‌ರೋತ್ ಹಾಗೆ ಮಾಡಲಿಲ್ಲ. ಎಷ್ಟು ಮಂದಿಗೆ ಆಪರೇಷನ್ ಮಾಡಿದೆ, ಎಷ್ಟು ಮಂದಿ ಸತ್ತರು, ಯಾವ ತೊಂದರೆಯಿಂದ ಸತ್ತರು, ಉಳಿದವರು ಮುಂದೆ ಹೇಗಿದ್ದಾರೆ ಎಂಬುದನ್ನೆಲ್ಲ ಸೇರಿಸಿ ವರದಿ ಪ್ರಕಟಿಸಿದರು. ಸೋಲನ್ನು ಮುಚ್ಚಿಟ್ಟರೆ ಮುಂದಿನ ರೋಗಿಗೆ ಉಪಯೋಗವಿಲ್ಲ ಎಂಬುದು ಅವರ ನಿಲುವು. ಇಂದು ಆಸ್ಪತ್ರೆಗಳು ತಮ್ಮ ಫಲಿತಾಂಶಗಳನ್ನು ಲೆಕ್ಕ ಇಡುವ ಪದ್ಧತಿಗೆ ಇದೂ ಒಂದು ಬುನಾದಿ.

1867ರಲ್ಲಿ ವಿಯೆನ್ನಾಕ್ಕೆ ಬಂದರು. 1873ರ ಕೊನೆಯಲ್ಲಿ ಕ್ಯಾನ್ಸರ್ ಆಗಿದ್ದ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದು ಹೆಸರಾದರು. ನಂತರ ಅವರ ಕಣ್ಣು ಬಿದ್ದದ್ದು ಜಠರದ ಮೇಲೆ.

ಜಠರವನ್ನು ಯಾರೂ ಮುಟ್ಟುತ್ತಿರಲಿಲ್ಲ ಏಕೆ?

ಜಠರದಲ್ಲಿ ತೀಕ್ಷ್ಣವಾದ ಆಮ್ಲವಿರುತ್ತದೆ. ಹೊಲಿಗೆ ಹಾಕಿದ ಜಾಗವನ್ನು ಆ ಆಮ್ಲವೇ ಜೀರ್ಣಿಸಿಬಿಡುತ್ತದೆ ಎಂಬ ಭಯವಿತ್ತು. ಹೊಲಿಗೆ ಬಿಟ್ಟು ಆಹಾರ ಹೊಟ್ಟೆಯೊಳಗೆ ಸೋರಿದರೆ ಸೋಂಕಾಗಿ ಸಾವು ಖಚಿತ. ಆಗ ಆಂಟಿಬಯಾಟಿಕ್ ಇರಲಿಲ್ಲ, ರಕ್ತದ ಗುಂಪುಗಳೂ ಗೊತ್ತಿರಲಿಲ್ಲ.

ಬಿಲ್‌ರೋತ್ ಆತುರಪಡಲಿಲ್ಲ. ಅವರ ಶಿಷ್ಯರು ನಾಯಿಗಳ ಜಠರದ ಭಾಗ ಕತ್ತರಿಸಿ ಹೊಲಿದು, ಅವು ಬದುಕಬಲ್ಲವು ಎಂದು ತೋರಿಸಿದರು. ಸಾವಿರಾರು ಮರಣೋತ್ತರ ಪರೀಕ್ಷೆಯ ವರದಿಗಳನ್ನು ತೆಗೆದು ನೋಡಿದರು. ಜಠರದ ಕ್ಯಾನ್ಸರ್‌ನಿಂದ ಸತ್ತ ಎಷ್ಟೋ ಮಂದಿಯಲ್ಲಿ ಗಡ್ಡೆ ಬೇರೆ ಅಂಗಗಳಿಗೆ ಹರಡಿಯೇ ಇರಲಿಲ್ಲ. ಅಂದರೆ ಗಡ್ಡೆಯನ್ನು ಸಕಾಲದಲ್ಲಿ ತೆಗೆದಿದ್ದರೆ ಅವರಲ್ಲಿ ಕೆಲವರಾದರೂ ಉಳಿಯಬಹುದಿತ್ತು. 1877ರಲ್ಲಿ ಬಿಲ್‌ರೋತ್ ಒಬ್ಬ ರೋಗಿಯ ಜಠರದಲ್ಲಿದ್ದ ತೂತನ್ನು ಹೊಲಿದು ಮುಚ್ಚಿದರು. ಹೊಲಿಗೆ ನಿಂತಿತು.

ಅಷ್ಟರಲ್ಲಿ ಇನ್ನಿಬ್ಬರು ಪ್ರಯತ್ನಿಸಿದ್ದರು. 1879ರಲ್ಲಿ ಪ್ಯಾರಿಸ್ಸಿನ ಪೆಯಾನ್, 1880ರಲ್ಲಿ ಪೋಲೆಂಡಿನ ರಿಡಿಗಿಯೆರ್. ಇಬ್ಬರ ರೋಗಿಗಳೂ ಕೆಲವೇ ದಿನಗಳೊಳಗೆ ತೀರಿಕೊಂಡರು.

1881ರ ಜನವರಿ 29

ಬಿಲ್‌ರೋತ್ ಬಳಿ ಬಂದ ರೋಗಿ 43 ವರ್ಷದ ಮಹಿಳೆ. ಜಠರದ ಕೆಳಬಾಯಿಯಲ್ಲಿ ಗಡ್ಡೆ ಬೆಳೆದು ದಾರಿ ಕಟ್ಟಿಕೊಂಡಿತ್ತು. ತಿಂದದ್ದೆಲ್ಲ ವಾಂತಿಯಾಗಿ ಸೊರಗಿದ್ದರು. ಹುಳಿ ಹಾಲು ಬಿಟ್ಟರೆ ಬೇರೇನೂ ಸೇರುತ್ತಿರಲಿಲ್ಲ.

ಮೊದಲು ಉಗುರುಬೆಚ್ಚಗಿನ ನೀರಿನಿಂದ ಜಠರವನ್ನು ತೊಳೆದರು. ಕ್ಲೋರೋಫಾರ್ಮ್ ಕೊಟ್ಟು, ಸುಮಾರು ಒಂದೂವರೆ ಗಂಟೆಯಲ್ಲಿ ಗಡ್ಡೆಯಿದ್ದ ಭಾಗವನ್ನು ಕತ್ತರಿಸಿ ತೆಗೆದರು. ಉಳಿದ ಜಠರವನ್ನು ಸಣ್ಣ ಕರುಳಿನ ಮೊದಲ ಭಾಗಕ್ಕೆ ರೇಷ್ಮೆ ದಾರದಿಂದ ಸುಮಾರು 50 ಹೊಲಿಗೆ ಹಾಕಿ ಜೋಡಿಸಿದರು. ದಾರವನ್ನು ಕಾರ್ಬಾಲಿಕ್ ಆಮ್ಲದಿಂದ ಶುದ್ಧ ಮಾಡಿದ್ದರು.

ಹೊಲಿಗೆ ಸೋರಲಿಲ್ಲ, ಸೋಂಕಾಗಲಿಲ್ಲ. ಸುಮಾರು ಮೂರು ವಾರಗಳಲ್ಲಿ ಆಕೆ ಊಟ ಮಾಡುತ್ತಾ ಮನೆಗೆ ಹೋದರು.

ನಾಲ್ಕು ತಿಂಗಳ ನಂತರ

ಫಾರ್ವರ್ಡ್‌ಗಳಾಗಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ನಿಜದಲ್ಲಿ ಆ ಮಹಿಳೆ ನಾಲ್ಕು ತಿಂಗಳೊಳಗೆ ತೀರಿಕೊಂಡರು. ಮರಣೋತ್ತರ ಪರೀಕ್ಷೆಯಲ್ಲಿ ಹೊಲಿಗೆ ಚೆನ್ನಾಗಿ ಕೂಡಿಕೊಂಡಿತ್ತು, ಆದರೆ ಕ್ಯಾನ್ಸರ್ ಯಕೃತ್ತಿಗೆ ಹರಡಿತ್ತು.

ಹಾಗಾದರೆ ಕತ್ತರಿ ತಾಗಿದ್ದರಿಂದಲೇ ಹರಡಿತೇ? ಅಲ್ಲ. ಕ್ಯಾನ್ಸರ್ ಕಣಗಳು ರಕ್ತ ಮತ್ತು ದುಗ್ಧನಾಳಗಳ ಮೂಲಕ ತಾವಾಗಿಯೇ ಪ್ರಯಾಣ ಮಾಡುತ್ತವೆ. ಗಡ್ಡೆ ಬೆಳೆದು ದಾರಿ ಮುಚ್ಚುವ ಹೊತ್ತಿಗೆ ಎಷ್ಟೋ ಬಾರಿ ಅವು ಬೇರೆಡೆ ಬೇರೂರಿರುತ್ತವೆ. ಆಗ ಸ್ಕ್ಯಾನಿಂಗ್ ಇರಲಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣದಿದ್ದರೆ ಹೊಟ್ಟೆ ತೆರೆದರೂ ಗೊತ್ತಾಗುತ್ತಿರಲಿಲ್ಲ. ಆಪರೇಷನ್ ಆದ ಕೆಲವು ತಿಂಗಳಿಗೆ ರೋಗಿ ಸತ್ತಾಗ ಮನೆಯವರಿಗೆ ನೆನಪಾಗುವುದು ಕತ್ತರಿ ಮಾತ್ರ. ಈ ನಂಬಿಕೆ ಹುಟ್ಟುವುದು ಹೀಗೆ.

ಬಿಲ್‌ರೋತ್ ಅವರ ಮುಂದಿನ ಇಬ್ಬರು ರೋಗಿಗಳೂ ಬದುಕಲಿಲ್ಲ. ಅವರು ಕೈಬಿಡಲಿಲ್ಲ, ಲೆಕ್ಕವನ್ನೂ ಮರೆಮಾಚಲಿಲ್ಲ. 1885ರಲ್ಲಿ ಜಠರವನ್ನು ಕರುಳಿನ ಮುಂದಿನ ಭಾಗಕ್ಕೆ ಜೋಡಿಸುವ ಎರಡನೇ ವಿಧಾನ ರೂಪಿಸಿದರು. ಬಿಲ್‌ರೋತ್ ಒಂದು, ಬಿಲ್‌ರೋತ್ ಎರಡು ಎಂಬ ಹೆಸರುಗಳು ಸರ್ಜರಿ ಪುಸ್ತಕಗಳಲ್ಲಿ ಇಂದಿಗೂ ಇವೆ. 1890ರ ಹೊತ್ತಿಗೆ ಈ ಆಪರೇಷನ್ ಮಾಡಿಸಿಕೊಂಡವರಲ್ಲಿ ಅರ್ಧದಷ್ಟು ಮಂದಿ ಮಾತ್ರ ಚೇತರಿಸಿಕೊಳ್ಳುತ್ತಿದ್ದರು. ಹತ್ತು ವರ್ಷ ಹಿಂದೆ ಯಾರೂ ಉಳಿಯುತ್ತಿರಲಿಲ್ಲ.

ಅವರಲ್ಲಿ ಕುಂದುಗಳೂ ಇದ್ದವು. 1876ರ ಪುಸ್ತಕವೊಂದರಲ್ಲಿ ಯಹೂದಿ ವಿದ್ಯಾರ್ಥಿಗಳನ್ನು ಹೀಗಳೆದು ಬರೆದರು, ಅದರಿಂದ ಗಲಾಟೆಯಾಯಿತು. ಮುಂದೆ ಯಹೂದಿ ದ್ವೇಷವನ್ನು ವಿರೋಧಿಸುವ ಸಂಘವನ್ನೇ ಸೇರಿದರು. ವಿಯೆನ್ನಾದಲ್ಲಿ ನರ್ಸ್‌ಗಳ ತರಬೇತಿ ಶಾಲೆ ಕಟ್ಟಲು ದುಡಿದರು. 1894ರ ಫೆಬ್ರವರಿ 6ರಂದು, ಈಗ ಕ್ರೊಯೇಷಿಯಾದಲ್ಲಿರುವ ಒಪಾಟಿಯಾದಲ್ಲಿ ತೀರಿಕೊಂಡರು. ಮೂರು ವರ್ಷಗಳ ನಂತರ, 1897ರಲ್ಲಿ, ಅವರು ಹಿಂದೆ ಪಾಠ ಹೇಳಿದ್ದ ಜ್ಯೂರಿಕ್‌ನಲ್ಲಿ ಸರ್ಜನ್ ಶ್ಲಾಟರ್ ಒಬ್ಬ ಮಹಿಳೆಯ ಇಡೀ ಜಠರವನ್ನೇ ತೆಗೆದರು. ಆಕೆ ಒಂದು ವರ್ಷಕ್ಕೂ ಹೆಚ್ಚು ಕಾಲ ಬದುಕಿದ್ದರು.

ಇಂದು ಆಪರೇಷನ್ ನಂತರ ಏನಾಗಬಹುದು?

ಅರ್ಧದಷ್ಟು ಸಾವು ಎಂಬ ಕಾಲ ಹೋಗಿದೆ. ಅನುಭವವಿರುವ ಆಸ್ಪತ್ರೆಗಳಲ್ಲಿ ಈ ಆಪರೇಷನ್‌ನಿಂದಲೇ ಸಾಯುವವರು ನೂರಕ್ಕೆ ಕೆಲವರು ಮಾತ್ರ. ಆದರೂ ತೊಂದರೆಗಳು ಇಲ್ಲವೆಂದಲ್ಲ.

ಮೊದಲ ದಿನಗಳಲ್ಲಿ ಹೊಲಿಗೆ ಸೋರುವುದು, ರಕ್ತಸ್ರಾವ, ಸೋಂಕು, ನ್ಯುಮೋನಿಯಾ ಆಗಬಹುದು. ಜ್ವರ, ಹೆಚ್ಚುತ್ತಿರುವ ಹೊಟ್ಟೆನೋವು, ಉಸಿರಾಟದ ತೊಂದರೆ, ಕಪ್ಪು ಮಲ, ನಿಲ್ಲದ ವಾಂತಿ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಆಮೇಲೆ ಕಾಡುವುದು ಡಂಪಿಂಗ್ ಎಂಬ ತೊಂದರೆ. ಆಹಾರವನ್ನು ತಡೆದು ನಿಲ್ಲಿಸುವ ಚೀಲ ಚಿಕ್ಕದಾಗಿರುವುದರಿಂದ ತಿಂದದ್ದು ಒಮ್ಮೆಲೇ ಕರುಳಿಗಿಳಿಯುತ್ತದೆ. ಊಟವಾದ ಅರ್ಧ ಗಂಟೆಯೊಳಗೆ ಬೆವರು, ಎದೆಬಡಿತ, ತಲೆಸುತ್ತು, ಭೇದಿ ಆಗಬಹುದು. ಕೆಲವರಿಗೆ ಒಂದೆರಡು ಗಂಟೆ ಬಿಟ್ಟು ಸಕ್ಕರೆ ಅಂಶ ಇಳಿದು ಸುಸ್ತಾಗುತ್ತದೆ. ದಿನಕ್ಕೆ ಐದಾರು ಬಾರಿ ಸ್ವಲ್ಪ ಸ್ವಲ್ಪ ತಿನ್ನುವುದು, ಸಿಹಿ ಕಡಿಮೆ ಮಾಡುವುದು, ಊಟದ ಜೊತೆ ನೀರು ಕುಡಿಯದೆ ಸ್ವಲ್ಪ ಹೊತ್ತು ಬಿಟ್ಟು ಕುಡಿಯುವುದು ಇದಕ್ಕೆ ಮೊದಲ ಮದ್ದು.

ತೂಕ ಇಳಿಯುವುದು ಸಾಮಾನ್ಯ. ಕಬ್ಬಿಣದ ಕೊರತೆಯೂ ಆಗಬಹುದು. ಬಿ12 ವಿಟಮಿನ್ ಮೈಗೆ ಸೇರಲು ಜಠರದ ಸಹಾಯ ಬೇಕು. ಹಾಗಾಗಿ ಇಡೀ ಜಠರ ತೆಗೆದವರು ಜೀವನಪೂರ್ತಿ ಬಿ12 ತೆಗೆದುಕೊಳ್ಳಬೇಕು, ಸಾಮಾನ್ಯವಾಗಿ ಇಂಜೆಕ್ಷನ್ ರೂಪದಲ್ಲಿ. ಇದನ್ನು ಮರೆತರೆ ರಕ್ತಹೀನತೆ, ನರದ ತೊಂದರೆ ಬರುತ್ತದೆ.

ಹಾಗಾದರೆ ಫಾರ್ವರ್ಡ್ ನಿಜವೇ?

ಅಲ್ಲ. ಬೇಗ ಪತ್ತೆಯಾದ ಜಠರದ ಕ್ಯಾನ್ಸರ್ ಗುಣವಾಗುವ ಮುಖ್ಯ ದಾರಿಯೇ ಆಪರೇಷನ್. ಎಷ್ಟೋ ಮಂದಿಗೆ ಅದರ ಜೊತೆ ಕೀಮೋಥೆರಪಿಯೂ ಬೇಕಾಗುತ್ತದೆ. ಜಠರವಿಲ್ಲದೆಯೂ ಮನುಷ್ಯ ಬದುಕಬಲ್ಲ, ಉಣ್ಣಬಲ್ಲ. ಆದರೆ ಆಪರೇಷನ್ ಆದರೆ ಎಲ್ಲ ಸರಿಹೋಗುತ್ತದೆ ಎನ್ನುವುದೂ ಅರ್ಧಸತ್ಯ. ರೋಗ ಎಷ್ಟು ಹರಡಿದೆ ಎಂಬುದರ ಮೇಲೆ ಫಲಿತಾಂಶ ನಿಂತಿದೆ. ದೂರದ ಅಂಗಗಳಿಗೆ ಹರಡಿದ್ದರೆ ವೈದ್ಯರು ಆಪರೇಷನ್ ಬೇಡವೆನ್ನಲೂಬಹುದು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆಯಿದ್ದರೆ ವೈದ್ಯರನ್ನು ನೇರವಾಗಿ ಕೇಳಿ: ರೋಗ ಯಾವ ಹಂತದಲ್ಲಿದೆ? ನಿಮ್ಮಲ್ಲಿ ಇಂಥ ಆಪರೇಷನ್ ಎಷ್ಟು ಆಗಿವೆ? ಏನೇನು ತೊಂದರೆ ಬರಬಹುದು? ನಂತರದ ಊಟ ಹೇಗಿರಬೇಕು? ಉತ್ತರ ಪಡೆಯುವುದು ನಿಮ್ಮ ಹಕ್ಕು. ಗೆದ್ದದ್ದನ್ನೂ ಸೋತದ್ದನ್ನೂ ಒಂದೇ ಪುಸ್ತಕದಲ್ಲಿ ಬರೆದಿಟ್ಟ ಬಿಲ್‌ರೋತ್, ವೈದ್ಯರು ಹಾಗೆ ಉತ್ತರಿಸಬಲ್ಲರು ಎಂದು ಅಂದೇ ತೋರಿಸಿಕೊಟ್ಟಿದ್ದಾರೆ.