ವೋಟಿನ ಜೊತೆ ನೋಟೂ ಕೇಳಿದ ಗೋಪಾಲಗೌಡರು

ಶಿವಮೊಗ್ಗದಲ್ಲಿ ಅವರ ಹೆಸರಿನ ಬಡಾವಣೆ ಉಂಟು. ತೀರ್ಥಹಳ್ಳಿಯಲ್ಲಿ ರಂಗಮಂದಿರ ಉಂಟು. ಸಾಗರದಲ್ಲಿ ಆಟದ ಬಯಲು ಉಂಟು. ಬಸ್ಸಿನಲ್ಲಿ ಕಂಡಕ್ಟರಿಗೆ ಚಿಲ್ಲರೆ ಕೊಟ್ಟು ದಿನಾ ಆ ಹೆಸರು ಹೇಳುವ ಜನರಲ್ಲಿ ಎಷ್ಟು ಮಂದಿಗೆ ಆ ಮನುಷ್ಯ ಯಾರು, ಏನು ಮಾಡಿದ ಅಂತ ಗೊತ್ತು? ಹಳಬರಿಗೆ ಗೊತ್ತು. ಮೀಸೆ ಮೂಡುತ್ತಿರುವವರಿಗೆ ಗೊತ್ತಿಲ್ಲ. ಅವರ ತಪ್ಪೂ ಅಲ್ಲ ಬಿಡಿ, ಬೋರ್ಡಿನ ಮೇಲೆ ಹೆಸರು ಮಾತ್ರ ಬರೀತಾರೆ.

ಎಲೆಕ್ಷನ್ ಬಂದಾಗಲೆಲ್ಲ ಚಹಾದಂಗಡಿಯಲ್ಲಿ ಒಂದೇ ಮಾತು. ದುಡ್ಡಿಲ್ಲದವನು ಅಸೆಂಬ್ಲಿಗೆ ನಿಲ್ಲೋದು ಉಂಟೇ? ದುಡ್ಡು, ಜಾತಿ, ದೊಡ್ಡ ಪಾರ್ಟಿಯ ಟಿಕೆಟ್ಟು, ಈ ಮೂರೂ ಇಲ್ಲದವನು ನಿಂತರೆ ಠೇವಣಿ ಹೋಗುತ್ತೆ ಅಂತ ತೀರ್ಪು ಕೊಟ್ಟು ಜನ ಎದ್ದು ಹೋಗುತ್ತಾರೆ. ಆ ತೀರ್ಪು ಬಹಳ ಸಲ ಸರಿಯೇ. ಆದರೆ ನಮ್ಮ ಮಲೆನಾಡಿನಲ್ಲೇ ಒಂದು ಸಲ ಅದು ತಪ್ಪಿತು. ಅದೂ ದೇಶದ ಮೊದಲನೇ ಚುನಾವಣೆಯಲ್ಲೇ.

ಶಾಂತವೇರಿ ಗೋಪಾಲಗೌಡರು ಹುಟ್ಟಿದ್ದು 1923ರ ಮಾರ್ಚ್ 14ರಂದು, ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ. ಬಡ ಮನೆ. ತೀರ್ಥಹಳ್ಳಿ ಹೈಸ್ಕೂಲಿನಲ್ಲಿ ಓದುತ್ತಿದ್ದಾಗ 1942ರ ಚಳವಳಿ ಬಂತು. ಹುಡುಗ ಪುಸ್ತಕ ಕಟ್ಟಿಟ್ಟು ಬೀದಿಗೆ ಇಳಿದ, ಹಿಡಿದು ಶಿವಮೊಗ್ಗ ಜೈಲಿಗೆ ಹಾಕಿದರು. ಹೊರಗೆ ಬಂದ ಮೇಲೆ ಕಾಂಗ್ರೆಸ್ಸಿನ ದೊಡ್ಡವರ ಹಿಂದೆ ಓಡಾಡಿದ್ದರೆ ಏನಾದರೂ ಒಂದು ಕುರ್ಚಿ ಸಿಗುತ್ತಿತ್ತೋ ಏನೋ. ಇವರು ಸೋಷಲಿಸ್ಟ್ ಪಾರ್ಟಿ ಸೇರಿದರು. ಆಗ ಆ ಪಾರ್ಟಿ ಅಂದರೆ ಓದೋ ಹುಡುಗರು, ಕೈಯಲ್ಲಿ ಕರಪತ್ರ, ಜೇಬಿನಲ್ಲಿ ಏನೂ ಇಲ್ಲ.

ಈಗ ಕೊಳಗದ ಕಥೆಗೆ ಬರೋಣ. ಅಂಗಡಿ ಇಟ್ಟವರಿಗೆ ಅಳತೆಯ ವಿಷಯ ಯಾರೂ ಹೇಳಿಕೊಡಬೇಕಿಲ್ಲ. ತೂಕದ ಕಲ್ಲಿಗೆ ಸರ್ಕಾರದ ಮುದ್ರೆ ಇಲ್ಲದಿದ್ದರೆ ಇನ್ಸ್‌ಪೆಕ್ಟರು ಬಂದು ದಂಡ ಹಾಕುತ್ತಾನೆ. ಆದರೆ ಸಾಗರದ ಪಕ್ಕದ ಕಾಗೋಡಿನಲ್ಲಿ ಆ ಕಾಲಕ್ಕೆ ಗೇಣಿ ಭತ್ತ ಅಳೆಯುವ ಕೊಳಗಕ್ಕೆ ಯಾವ ಇನ್ಸ್‌ಪೆಕ್ಟರೂ ಇರಲಿಲ್ಲ. ಮೂರು ಸೇರು ಹಿಡಿಯಬೇಕಾದ ಕೊಳಗ ಜಮೀನುದಾರನ ಅಂಗಳದಲ್ಲಿ ಮೂರೂವರೆ ಸೇರು ಹಿಡಿಯುತ್ತಿತ್ತು, ಕೆಲವು ಕಡೆ ಅದಕ್ಕಿಂತ ಜಾಸ್ತಿ.

ಅರ್ಧ ಸೇರು ತಾನೇ ಅನ್ನಬೇಡಿ. ಲೆಕ್ಕ ಹಾಕಿ ನೋಡಿ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಒಬ್ಬ ಒಕ್ಕಲು ವರ್ಷಕ್ಕೆ 20 ಖಂಡುಗ ಗೇಣಿ ಅಳೆಯಬೇಕು ಅಂತ ಇಟ್ಟುಕೊಳ್ಳಿ. ಒಟ್ಟು 400 ಕೊಳಗ. ಕೊಳಗಕ್ಕೆ ಅರ್ಧ ಸೇರು ಹೆಚ್ಚು ಹೋದರೆ 200 ಸೇರು. ಸರಿಯಾದ ಕೊಳಗದಲ್ಲಿ ಅಳೆದರೆ ಮೂರು ಖಂಡುಗಕ್ಕೂ ಮೇಲೆ ಭತ್ತ ಪುಕ್ಕಟೆ ಹೋಯಿತು. ಮಳೆಗಾಲದ ಕೊನೆಗೆ ಮನೆಯ ಕಣಜ ಖಾಲಿಯಾಗಿ, ಹೆಂಗಸರು ಅದೇ ಜಮೀನುದಾರನ ಮನೆಗೆ ಸಾಲದ ಭತ್ತಕ್ಕೆ ಹೋಗೋದು ಈ ಮೂರು ಖಂಡುಗಕ್ಕೇ. ಗೇಣಿ ಅಳೆದದ್ದಕ್ಕೆ ರಶೀದಿಯೂ ಇಲ್ಲ. ಮೇಲೆ ಬಿಟ್ಟಿ ಕೆಲಸ ಬೇರೆ.

ಈ ಒಕ್ಕಲುಗಳು ಬಹುಮಟ್ಟಿಗೆ ದೀವರು. ಅವರನ್ನು ಒಟ್ಟು ಕೂಡಿಸಿ ರೈತ ಸಂಘ ಕಟ್ಟಿದವರು ಎಚ್. ಗಣಪತಿಯಪ್ಪ. ಇದನ್ನು ಸ್ಪಷ್ಟವಾಗಿ ಹೇಳಬೇಕು, ಯಾಕೆಂದರೆ ಕಾಗೋಡು ಅಂದ ಕೂಡಲೇ ಸೋಷಲಿಸ್ಟರ ಹೆಸರು ಹೇಳಿ ಅವರನ್ನು ಮರೆಯುವವರು ಬಹಳ. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ಉಳುವ ಜಮೀನಿಗೆ ಇಳಿಯೋದು, ನೇಗಿಲು ಹೂಡೋದು, ಪೊಲೀಸರು ಹಿಡಿದುಕೊಂಡು ಹೋಗೋದು. ಮಾರನೇ ದಿನ ಇನ್ನೊಂದು ತಂಡ. ಸೋಷಲಿಸ್ಟ್ ಪಾರ್ಟಿ ಇದಕ್ಕೆ ಕೈಜೋಡಿಸಿದ ಮೇಲೆ ಗೋಪಾಲಗೌಡರು ಮುಂದೆ ನಿಂತರು, ಜೈಲಿಗೂ ಹೋದರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಅವರೇ ಕಾಗೋಡಿಗೆ ಬಂದರು. ಅವರನ್ನು ಸಾಗರ ರೈಲ್ವೆ ಸ್ಟೇಷನ್ನಿನಲ್ಲಿ ಬಂಧಿಸಿದರು. ನಮ್ಮ ಪುಟ್ಟ ಸ್ಟೇಷನ್ನಿನ ಹೆಸರು ದೇಶದ ಪೇಪರುಗಳಲ್ಲಿ ಬಂದದ್ದು ಹೀಗೆ.

ಹೋರಾಟದಿಂದ ತಕ್ಷಣ ಒಕ್ಕಲುಗಳಿಗೆ ಜಮೀನು ಬಂತೇ? ಬರಲಿಲ್ಲ. ಮಳೆ ಹಿಡಿಯಿತು, ಜೈಲು ತುಂಬಿತು, ಕೇಸುಗಳು ಕೋರ್ಟಿನಲ್ಲಿ ಬಿದ್ದವು. ಇಲ್ಲಿಂದ ಗೋಪಾಲಗೌಡರ ನಿಜವಾದ ವಾದ ಶುರುವಾಗುತ್ತದೆ.

ಅವರು ಅಸೆಂಬ್ಲಿಗೆ ಯಾಕೆ ನಿಂತರು? ನಾನು ತಿಳಿದುಕೊಂಡಂತೆ ಲೆಕ್ಕ ಇಷ್ಟೇ. ಕೊಳಗ ಎಷ್ಟು ಸೇರು ಹಿಡಿಯಬೇಕು, ಗೇಣಿ ಎಷ್ಟಿರಬೇಕು, ಒಕ್ಕಲನ್ನು ಎಬ್ಬಿಸಬಹುದೋ ಬಾರದೋ, ಇದೆಲ್ಲ ಕಾಗೋಡಿನ ಗದ್ದೆಯಲ್ಲಿ ತೀರ್ಮಾನ ಆಗೋದಲ್ಲ. ಬೆಂಗಳೂರಿನಲ್ಲಿ ಕಾನೂನು ಮಾಡುವ ಕಡೆ ಆಗುತ್ತದೆ. ಅಲ್ಲಿ ಕೂತಿರುವವರು ಯಾರು? ಜಮೀನುದಾರರು, ವಕೀಲರು, ವ್ಯಾಪಾರದ ದೊಡ್ಡ ಕುಳಗಳು. ಅಳೆಯುವವನ ಕಡೆಯವರು ತುಂಬ ಮಂದಿ, ಅಳೆದು ಕೊಡುವವನ ಕಡೆ ಒಬ್ಬರೂ ಇಲ್ಲ ಅನ್ನಿಸುವಂಥ ಸ್ಥಿತಿ. ಹಾಗಿದ್ದ ಮೇಲೆ ಗದ್ದೆಯಲ್ಲಿ ಜೈಲಿಗೆ ಹೋದವನು ಆ ಬೆಂಚಿನ ಮೇಲೂ ಹೋಗಿ ಕೂರಬೇಕು. ಹೊರಗಿನವನು ಅನ್ನೋದು ಇಲ್ಲಿ ಕೊರತೆ ಅಲ್ಲ, ಅದೇ ಅರ್ಹತೆ.

ಹೊರಗಿನವರು ಅಂದರೆ ಎಲ್ಲ ರೀತಿಯಲ್ಲೂ ಹೊರಗಿನವರೇ. ನಿಂತದ್ದು ಸಾಗರ-ಹೊಸನಗರ ಕ್ಷೇತ್ರಕ್ಕೆ, ಹುಟ್ಟಿದ ಊರು ಇದ್ದದ್ದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ. ಕಾಗೋಡಿನ ಒಕ್ಕಲುಗಳ ಜಾತಿಯವರೂ ಅಲ್ಲ. ವಯಸ್ಸು 28. ಎದುರಿಗೆ ಕಾಂಗ್ರೆಸ್ಸಿನ ಎ.ಆರ್. ಬದರಿನಾರಾಯಣ ಅಯ್ಯಂಗಾರ್, ಆನಂದಪುರದ ದೊಡ್ಡ ಮನೆತನ. ಅವರೇನೂ ಕೆಟ್ಟವರಲ್ಲ ಅನ್ನೋದನ್ನೂ ಹೇಳಬೇಕು. ಊರಿನಲ್ಲಿ ಗೌರವ ಇದ್ದವರು, ಮುಂದೆ ಮಂತ್ರಿಯೂ ಆದರು. ಕಾಂಗ್ರೆಸ್ ಅಂದರೆ ಆಗ ಗಾಂಧಿ, ನೆಹರೂ, ಸ್ವಾತಂತ್ರ್ಯ. ಆ ಹೆಸರಿನ ಎದುರು ನಿಲ್ಲೋದೇ ಹುಚ್ಚು ಅಂದವರು ಕಡಿಮೆ ಇರಲಿಕ್ಕಿಲ್ಲ.

ಆಗ ಅಸೆಂಬ್ಲಿ ಠೇವಣಿ 250 ರೂಪಾಯಿ. ಈಗ ಕೇಳಿದರೆ ನಗು ಬರುತ್ತೆ, ಆದರೆ ಅಂದಿನ ಕೂಲಿಯವನಿಗೆ ಅದು ಕಾಣದ ಗಂಟು. ಪಾರ್ಟಿಯಲ್ಲಿ ದುಡ್ಡಿಲ್ಲ, ಅಭ್ಯರ್ಥಿಯ ಹತ್ತಿರ ಮೊದಲೇ ಇಲ್ಲ. ಆಗ ಮಾಡಿದ ಉಪಾಯ ಇವತ್ತಿಗೂ ಜನರ ಬಾಯಲ್ಲಿದೆ. ವೋಟು ಕೇಳಲು ಹೋದವರು ಜೊತೆಗೆ ಒಂದು ನೋಟನ್ನೂ ಕೇಳಿದರು. ಒಂದು ವೋಟು, ಒಂದು ರೂಪಾಯಿ. ಕೊಡಬೇಕಾದವನು ಅಭ್ಯರ್ಥಿ ಅಲ್ಲ, ಮತದಾರ.

ಇದನ್ನು ಕೆಲವರು ಬರೀ ಬಡತನದ ಉಪಾಯ ಅಂತ ತಿಳೀತಾರೆ. ನನಗೆ ಹಾಗೆ ಅನ್ನಿಸೋದಿಲ್ಲ. ಅಂಗಡಿಯವರನ್ನೇ ಕೇಳಿ. ಪುಕ್ಕಟೆ ಕೊಟ್ಟ ಮಾಲಿನ ಬಗ್ಗೆ ಗಿರಾಕಿ ಮಾತಾಡೋದಿಲ್ಲ, ಕಾಸು ಕೊಟ್ಟವನು ಅಂಗಡಿ ಬಾಗಿಲಿಗೆ ಬಂದು ಕೇಳುತ್ತಾನೆ. ರೂಪಾಯಿ ಕೊಟ್ಟ ಒಕ್ಕಲಿಗೆ ಆ ಅಭ್ಯರ್ಥಿ ತನ್ನವನಾದ. ಅಭ್ಯರ್ಥಿಗೂ ಗೆದ್ದ ಮೇಲೆ ಇನ್ಯಾರ ಸಾಲವನ್ನೂ ತೀರಿಸಬೇಕಾದ ಹಂಗಿಲ್ಲ. ಸಾಲ ಇರೋದು ರೂಪಾಯಿ ಕೊಟ್ಟವರದು ಮಾತ್ರ. ದುಡ್ಡಿಲ್ಲದವನು ಯಾಕೆ ನಿಲ್ಲಬೇಕು ಅನ್ನೋ ಪ್ರಶ್ನೆಗೆ ಇದಕ್ಕಿಂತ ಗಟ್ಟಿ ಉತ್ತರ ನಾನು ಬೇರೆ ಕಂಡಿಲ್ಲ.

ಮತ್ತೊಂದು ಸಂಗತಿ. ಆ ಚುನಾವಣೆಯಲ್ಲಿ 21 ತುಂಬಿದ ಎಲ್ಲರಿಗೂ ವೋಟು. ಅದಕ್ಕೆ ಮುಂಚೆ ಮೈಸೂರು ಸಂಸ್ಥಾನದ ಸಭೆಗಳಿಗೆ ವೋಟು ಹಾಕಲು ಕಂದಾಯವೋ ವಿದ್ಯೆಯೋ ಇರಬೇಕಿತ್ತು. ಓದು ಬಾರದವರಿಗೆ ಅಂತಲೇ ಒಂದೊಂದು ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ ಇಟ್ಟು ಚಿಹ್ನೆ ಅಂಟಿಸಿದ್ದರು. ಕಾಂಗ್ರೆಸ್ಸಿನದು ಜೋಡೆತ್ತು, ಸೋಷಲಿಸ್ಟರದು ಆಲದ ಮರ. ಪರದೆಯ ಹಿಂದೆ ಹೋಗಿ ಯಾವ ಪೆಟ್ಟಿಗೆಗೆ ಚೀಟಿ ಹಾಕಿದ ಅನ್ನೋದು ಜಮೀನುದಾರನಿಗೆ ಕಾಣೋದಿಲ್ಲ. ಅಂಗಳದಲ್ಲಿ ಕೈಕಟ್ಟಿ ನಿಲ್ಲುತ್ತಿದ್ದ ಮನುಷ್ಯ ಮೊದಲ ಸಲ ಯಾರ ಮುಖವನ್ನೂ ನೋಡದೆ ಒಂದು ಕೆಲಸ ಮಾಡಿದ.

ಗೋಪಾಲಗೌಡರು ಗೆದ್ದರು. ಆ 1952ರ ಅಸೆಂಬ್ಲಿಯಲ್ಲಿ ಇದ್ದದ್ದು 99 ಸ್ಥಾನ, ಅದರಲ್ಲಿ ಕಾಂಗ್ರೆಸ್ಸಿಗೇ 74. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯ. ವಿಧಾನಸೌಧ ಇನ್ನೂ ಕಟ್ಟುತ್ತಾ ಇತ್ತು, ಸಭೆ ಸೇರುತ್ತಿದ್ದದ್ದು ಎದುರಿನ ಅಠಾರಾ ಕಚೇರಿಯಲ್ಲಿ. ಸೋಷಲಿಸ್ಟರು ಬೆರಳೆಣಿಕೆ. ಆದರೂ ಸಾಗರದ ಈ ಹುಡುಗ ಎದ್ದು ನಿಂತರೆ ಸಭೆ ಕಿವಿ ಕೊಡುತ್ತಿತ್ತು. ಗೇಣಿದಾರರ ಮಾತು, ಕನ್ನಡದ ಮಾತು, ಕರ್ನಾಟಕ ಒಂದಾಗಬೇಕು ಅನ್ನೋ ಮಾತು. ಹಳೇ ಮೈಸೂರಿನ ಎಷ್ಟೋ ಮುಖಂಡರು ಏಕೀಕರಣಕ್ಕೆ ಹಿಂದೆ ಮುಂದೆ ನೋಡುತ್ತಿದ್ದಾಗ ಇವರು ಅದರ ಪರ ನಿಂತರು. ರಾಜ್ಯಕ್ಕೆ ಕರ್ನಾಟಕ ಅಂತಲೇ ಹೆಸರಿಡಬೇಕು ಅಂತ ವರ್ಷಗಟ್ಟಲೆ ಹಟ ಹಿಡಿದರು. ಸಿಟ್ಟಿನ ಮನುಷ್ಯ, ಜೊತೆಗೆ ಕವಿತೆ ಸಂಗೀತದ ಹುಚ್ಚು ಬೇರೆ. ಸಾಹಿತಿಗಳ ಸ್ನೇಹ ಬಹಳ. ಯು.ಆರ್. ಅನಂತಮೂರ್ತಿಯವರು 1978ರಲ್ಲಿ ಬರೆದ ಅವಸ್ಥೆ ಕಾದಂಬರಿಯ ನಾಯಕನಲ್ಲಿ ಇವರ ನೆರಳಿದೆ ಅನ್ನೋದು ಎಲ್ಲರಿಗೂ ಗೊತ್ತಿದ್ದದ್ದೇ. ಅದು ಸಿನಿಮಾ ಕೂಡ ಆಯಿತು, ಅನಂತನಾಗ್ ಮಾಡಿದರು.

ಇಷ್ಟೆಲ್ಲ ಹೊಗಳಿ ಬಿಟ್ಟರೆ ಕಥೆ ಅರ್ಧ ಆಗುತ್ತೆ. 1957ರಲ್ಲಿ ಗೋಪಾಲಗೌಡರು ಸೋತರು. ತೀರ್ಥಹಳ್ಳಿಯಲ್ಲಿ, ಅದೇ ಬದರಿನಾರಾಯಣರ ಎದುರು. ಹಾಗಾದರೆ ಜನ ಕೃತಘ್ನರೇ? ಅಷ್ಟು ಸುಲಭಕ್ಕೆ ಹೇಳೋದು ಬೇಡ. ಮತದಾರ ಕೇಳೋದು ಏನು? ರಸ್ತೆ ಆಯಿತೇ, ಸೇತುವೆ ಬಂತೇ, ಮಳೆಗಾಲದಲ್ಲಿ ಬಸ್ಸು ಊರಿನ ತನಕ ಬರುತ್ತೋ ಇಲ್ಲವೋ. ಪ್ರತಿಪಕ್ಷದ ಬೆಂಚಿನಿಂದ ಇದನ್ನೆಲ್ಲ ತರೋದು ಕಷ್ಟ. ದಿನಾ ಬಸ್ಸಿಗೆ ಕಾಯುವವನು ಈ ಪ್ರಶ್ನೆ ಕೇಳಿದರೆ ತಪ್ಪು ಅಂತ ನಾನಂತೂ ಹೇಳಲಾರೆ. ಹೊರಗಿನವನ ವಾದದ ದುರ್ಬಲ ಜಾಗ ಇದೇ. ಕಾನೂನಿನ ಮಾತು ದೊಡ್ಡದು, ಆದರೆ ಅದರ ಫಲ ಬರಲು ಇಪ್ಪತ್ತು ವರ್ಷ ಹಿಡಿಯುತ್ತೆ. ಮೋರಿ ಒಡೆದದ್ದು ಇವತ್ತೇ ಕಾಣುತ್ತೆ.

ಸೋತು ಮನೆಯಲ್ಲಿ ಕೂರಲಿಲ್ಲ. 1962ರಲ್ಲಿ ಅದೇ ತೀರ್ಥಹಳ್ಳಿಯಲ್ಲಿ ಗೆದ್ದರು, 1967ರಲ್ಲಿ ಮತ್ತೆ ಗೆದ್ದರು. ಆ 1967 ಶಿವಮೊಗ್ಗ ಜಿಲ್ಲೆಯ ಸೋಷಲಿಸ್ಟರಿಗೆ ಒಳ್ಳೇ ಫಸಲಿನ ವರ್ಷ. ಸೊರಬದಿಂದ ಎಸ್. ಬಂಗಾರಪ್ಪ ಅಸೆಂಬ್ಲಿಗೆ ಹೋದರು, ಶಿವಮೊಗ್ಗದಿಂದ ಜೆ.ಎಚ್. ಪಟೇಲರು ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲೇ ಮಾತಾಡಿದರು. ಇಬ್ಬರೂ ಮುಂದೆ ಮುಖ್ಯಮಂತ್ರಿಗಳಾದದ್ದು ಬೇರೆ ಬೇರೆ ಪಾರ್ಟಿಯಿಂದ, ಅದು ಬೇರೆ ಕಥೆ. ಅದೇ ಕಾಗೋಡಿನ ಕಾಗೋಡು ತಿಮ್ಮಪ್ಪ 1972ರಲ್ಲಿ ಶಾಸಕರಾಗಿ, 2013ರಲ್ಲಿ ವಿಧಾನಸಭೆಯ ಸ್ಪೀಕರ್ ಆದರು. ಗೋಪಾಲಗೌಡರು ಮಾತ್ರ ಯಾವತ್ತೂ ಮಂತ್ರಿ ಆಗಲಿಲ್ಲ, ಆಸ್ತಿಯನ್ನೂ ಮಾಡಲಿಲ್ಲ. ಮದುವೆಯಾದದ್ದೂ ತಡವಾಗಿ, ಸೋನಕ್ಕ ಅವರನ್ನು. ಮಗನಿಗೆ ರಾಮಮನೋಹರ ಅಂತ ಹೆಸರಿಟ್ಟರು, ಯಾರ ನೆನಪಿಗೆ ಅಂತ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಲೆಕ್ಕ ಹೇಳಿಬಿಡುತ್ತೇನೆ. 2022ರಲ್ಲಿ ಚುನಾವಣಾ ಆಯೋಗ ನಮ್ಮಂಥ ದೊಡ್ಡ ರಾಜ್ಯಗಳಲ್ಲಿ ಅಸೆಂಬ್ಲಿ ಅಭ್ಯರ್ಥಿ ಖರ್ಚು ಮಾಡಬಹುದಾದ ಮಿತಿಯನ್ನು 40 ಲಕ್ಷ ರೂಪಾಯಿಗೆ ಏರಿಸಿತು. ಅದು ಮಿತಿ. ನಿಜವಾಗಿ ಎಷ್ಟು ಅನ್ನೋದು ನಿಮಗೂ ಗೊತ್ತು, ನನಗೂ ಗೊತ್ತು. ಒಂದೊಂದೇ ರೂಪಾಯಿಯಾಗಿ 40 ಲಕ್ಷ ಕೂಡಿಸಬೇಕಾದರೆ 40 ಲಕ್ಷ ಜನ ಬೇಕು. ಒಂದು ಅಸೆಂಬ್ಲಿ ಕ್ಷೇತ್ರದಲ್ಲಿ ಅಷ್ಟು ಮತದಾರರೇ ಇರೋದಿಲ್ಲ.

ಕೊನೆಯ ವರ್ಷಗಳಲ್ಲಿ ಕಾಯಿಲೆ ಹಿಡಿಯಿತು. 1972ರ ಚುನಾವಣೆಗೆ ಅವರು ನಿಲ್ಲುವ ಸ್ಥಿತಿಯಲ್ಲಿರಲಿಲ್ಲ. ತೀರ್ಥಹಳ್ಳಿಯಲ್ಲಿ ಅವರ ಪಾರ್ಟಿಯಿಂದ ಕೋಣಂದೂರು ಲಿಂಗಪ್ಪ ನಿಂತು ಗೆದ್ದರು. ಅದೇ ವರ್ಷ ಜೂನ್ 9ರಂದು ಗೋಪಾಲಗೌಡರು ಬೆಂಗಳೂರಿನಲ್ಲಿ ತೀರಿಕೊಂಡರು. ವಯಸ್ಸು 49.

ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ಕ್ಕೆ. ಗೇಣಿ ಜಮೀನು ಸರ್ಕಾರಕ್ಕೆ ಸೇರಿ, ಉಳುವವನು 7ನೇ ನಂಬರ್ ಫಾರಂ ತುಂಬಿ ಭೂನ್ಯಾಯಮಂಡಳಿಗೆ ಅರ್ಜಿ ಹಾಕಬಹುದು ಅಂತಾಯಿತು. ಕೊನೆಯ ತಾರೀಕು ಮುಂದೆ ಹೋಗ್ತಾ ಹೋಗ್ತಾ 1979ರ ಜೂನ್ 30ಕ್ಕೆ ನಿಂತಿತು. ತಾಲ್ಲೂಕು ಕಚೇರಿ ಮುಂದೆ ಸಾಲು ನಿಂತ ಒಕ್ಕಲುಗಳಿಗೆ ಮಂಡಳಿಯಲ್ಲಿ ಮೊದಲು ಎದುರಾಗುತ್ತಿದ್ದದ್ದು ಒಂದೇ ಪ್ರಶ್ನೆ. ಈ ಜಮೀನು ನೀನು ಗೇಣಿಗೆ ಮಾಡ್ತಿದ್ದೆ ಅನ್ನೋದಕ್ಕೆ ದಾಖಲೆ ಏನಿದೆ? ಪಹಣಿಯಲ್ಲಿ ಹೆಸರಿದ್ದವರು ಬಚಾವಾದರು. ಬಾಯಿಮಾತಿನ ಗೇಣಿಯವರು ಸಾಕ್ಷಿ ಹುಡುಕಿಕೊಂಡು ಅಲೆದರು. ಗೇಣಿ ಅಳೆದದ್ದಕ್ಕೆ ರಶೀದಿ ಕೊಡಿ ಅಂತ ಕಾಗೋಡಿನವರು 1951ರಲ್ಲೇ ಕೇಳಿದ್ದರು.