ಎ. ಲಲಿತಾ: ಪದವಿ ಪತ್ರದಲ್ಲಿ ತಿದ್ದಿದ ಒಂದು ಪದ

ಕಳೆದ ಮೇ ತಿಂಗಳಲ್ಲಿ ಚೆನ್ನೈನ ನಮ್ಮ ಮನೆಯ ಹತ್ತಿರದ ಶಾಲೆಯೊಂದರಲ್ಲಿ ಆರರಿಂದ ಎಂಟನೇ ತರಗತಿಯ ಹುಡುಗಿಯರಿಗಾಗಿ ವಿಜ್ಞಾನ ಮತ್ತು ಎಂಜಿನಿಯರಿಂಗ್ ಬೇಸಿಗೆ ಶಿಬಿರ ನಡೆಯಿತು. ಒಂದು ದಿನದ ಪಾಠ ನನ್ನ ಪಾಲಿಗೆ ಬಂತು. ಬ್ಯಾಟರಿ, ತಾಮ್ರದ ತಂತಿಯ ಸುರುಳಿ, ಅಯಸ್ಕಾಂತ, ಎರಡು ಸೇಫ್ಟಿ ಪಿನ್, ಇಷ್ಟರಲ್ಲಿ ಪುಟ್ಟ ಮೋಟಾರ್ ಮಾಡಬೇಕು. ತಂತಿಯ ಒಂದು ತುದಿಯ ಲೇಪನವನ್ನು ಪೂರ್ತಿ, ಇನ್ನೊಂದು ತುದಿಯದನ್ನು ಅರ್ಧ ಮಾತ್ರ ಕೆರೆದರೆ ಸುರುಳಿ ಗಿರಗಿರನೆ ತಿರುಗುತ್ತದೆ. ಇದೇ ತತ್ವವನ್ನು ತಿರುಗುಮುರುಗು ಮಾಡಿದರೆ ಜನರೇಟರ್ ಎಂದು ವಿವರಿಸಿ, ಭಾಕ್ರಾ ನಂಗಲ್ ಅಣೆಕಟ್ಟಿನ ಜನರೇಟರ್‌ಗಳ ಕೆಲಸದಲ್ಲಿ ಪಾಲ್ಗೊಂಡ ಎ. ಲಲಿತಾ ಅವರ ಕಥೆ ಹೇಳಿದೆ.

ಕಥೆ ಮುಗಿದ ಮೇಲೆ ಏಳನೇ ತರಗತಿಯ ಹುಡುಗಿಯೊಬ್ಬಳು ಕೈ ಎತ್ತಿದಳು. ಅವರು ಹಾಸ್ಟೆಲ್‌ನಲ್ಲಿದ್ದಾಗ ಮಗು ಯಾರ ಹತ್ತಿರ ಇತ್ತು ಎಂದು ಕೇಳಿದಳು. ನಾನು ಲಲಿತಾ ಅವರ ಧೈರ್ಯದ ಬಗ್ಗೆ ಎಷ್ಟೆಲ್ಲ ಹೇಳಿದ್ದೆ, ಇದೊಂದನ್ನು ಬಿಟ್ಟಿದ್ದೆ. ಹಾಗಾಗಿ ಆ ಕಥೆಯನ್ನು ಇಲ್ಲಿ ಪೂರ್ತಿ ಹೇಳುತ್ತೇನೆ.

ಅಯ್ಯಲಸೋಮಯಾಜುಲ ಲಲಿತಾ ಹುಟ್ಟಿದ್ದು 1919ರ ಆಗಸ್ಟ್ 27ರಂದು, ಮದರಾಸಿನ ತೆಲುಗು ಕುಟುಂಬದಲ್ಲಿ. ತಂದೆ ಪಪ್ಪು ಸುಬ್ಬರಾವ್ ಗಿಂಡಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಪ್ರಾಧ್ಯಾಪಕರು. ಹದಿನೈದಕ್ಕೆ ಮದುವೆಯಾಯಿತು, ಮದುವೆಯ ನಂತರವೂ ಎಸ್‌ಎಸ್‌ಎಲ್‌ಸಿವರೆಗೆ ಓದಿದರು. ಹದಿನೆಂಟರಲ್ಲಿ ಪತಿ ತೀರಿಕೊಂಡರು. ಮಡಿಲಲ್ಲಿ ನಾಲ್ಕು ತಿಂಗಳ ಹೆಣ್ಣುಮಗು.

ವಿಧವೆ ಮೂಲೆಯಲ್ಲೇ ಕೂರಬೇಕಿದ್ದ ಕಾಲವದು. ಲಲಿತಾ ಓದನ್ನು ಆರಿಸಿಕೊಂಡರು. ಕ್ವೀನ್ ಮೇರಿಸ್ ಕಾಲೇಜಿನಲ್ಲಿ ಇಂಟರ್‌ಮೀಡಿಯೇಟ್ ಅನ್ನು ಪ್ರಥಮ ದರ್ಜೆಯಲ್ಲಿ ಮುಗಿಸಿದರು. ಹೆಣ್ಣುಮಕ್ಕಳಿಗೆ ವೈದ್ಯಕೀಯದ ಬಾಗಿಲು ಆಗಲೇ ತೆರೆದಿತ್ತು. ಆದರೆ ಡಾಕ್ಟರಾದರೆ ನಡುರಾತ್ರಿಯಲ್ಲೂ ಎದ್ದು ಹೋಗಬೇಕು, ಮಗುವನ್ನು ಬಿಟ್ಟು ಹಾಗೆ ಹೋಗಲು ಅವರಿಗೆ ಮನಸ್ಸಿರಲಿಲ್ಲ. ನಿಗದಿತ ವೇಳೆಯ ಕೆಲಸ ಬೇಕಿತ್ತು. ಹಾಗಾಗಿ ಎಂಜಿನಿಯರಿಂಗ್ ಆರಿಸಿಕೊಂಡರು!

ಗಿಂಡಿಯಲ್ಲಿ ಆವರೆಗೆ ಹುಡುಗಿಯರೇ ಇರಲಿಲ್ಲ. ತಂದೆ ಪ್ರಾಂಶುಪಾಲ ಕೆ.ಸಿ. ಚಾಕೊ ಅವರನ್ನು ಒಪ್ಪಿಸಿದರು, ಸಾರ್ವಜನಿಕ ಶಿಕ್ಷಣ ನಿರ್ದೇಶಕ ಆರ್.ಎಂ. ಸ್ಟೇಥಮ್ ಅವರ ಅನುಮತಿ ಪಡೆದರು. 1940ರಲ್ಲಿ ಲಲಿತಾ ಕಾಲೇಜು ಸೇರಿದರು. ನೂರಾರು ಹುಡುಗರ ನಡುವೆ ಒಬ್ಬಳೇ ಹುಡುಗಿ. ತರಗತಿಗಿಂತ ಹಾಸ್ಟೆಲ್‌ನ ಒಂಟಿತನವೇ ಹೆಚ್ಚು ಕಾಡಿತು. ಇದನ್ನು ಕಂಡು ಕಾಲೇಜು ಬೇರೆ ಹುಡುಗಿಯರಿಗೂ ಪ್ರವೇಶ ತೆರೆಯಿತು. ಮುಂದಿನ ವರ್ಷ ಪಿ.ಕೆ. ತ್ರೇಸಿಯಾ ಮತ್ತು ಲೀಲಮ್ಮ ಜಾರ್ಜ್ ಸಿವಿಲ್ ವಿಭಾಗಕ್ಕೆ ಬಂದರು. ಯುದ್ಧಕಾಲದಲ್ಲಿ ಕೋರ್ಸಿನ ಅವಧಿ ಕಡಿಮೆಯಾದ್ದರಿಂದ ಮೂವರೂ ಒಟ್ಟಿಗೇ ಪದವಿ ಪಡೆದರು. ಮುದ್ರಿತ ಪದವಿ ಪತ್ರದಲ್ಲಿ ‘ಅವನು’ ಎಂಬರ್ಥದ ಪದವಷ್ಟೇ ಇತ್ತು. ಅದನ್ನು ಹೊಡೆದುಹಾಕಿ ‘ಅವಳು’ ಎಂದು ತಿದ್ದಿ ಕೊಟ್ಟರು.

ಜಮಾಲ್‌ಪುರದ ರೈಲ್ವೆ ಕಾರ್ಯಾಗಾರದಲ್ಲಿ ಒಂದು ವರ್ಷದ ತರಬೇತಿಯ ನಂತರ ಶಿಮ್ಲಾದ ಸೆಂಟ್ರಲ್ ಸ್ಟ್ಯಾಂಡರ್ಡ್ಸ್ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಕೆಲಕಾಲ ತಂದೆಯ ಸಂಶೋಧನೆಗೆ ನೆರವಾದರು. 1948ರಲ್ಲಿ ಕಲ್ಕತ್ತಾದ ಅಸೋಸಿಯೇಟೆಡ್ ಎಲೆಕ್ಟ್ರಿಕಲ್ ಇಂಡಸ್ಟ್ರೀಸ್ ಸೇರಿ, ವಿದ್ಯುತ್ ಪ್ರಸರಣ ಮಾರ್ಗ ಮತ್ತು ಸಬ್‌ಸ್ಟೇಷನ್‌ಗಳ ವಿನ್ಯಾಸ ಮಾಡಿದರು. ಭಾಕ್ರಾ ನಂಗಲ್ ಕೆಲಸ ನಡೆದದ್ದೂ ಇಲ್ಲಿಯೇ. 1964ರಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ ಮಹಿಳಾ ಎಂಜಿನಿಯರ್ ಮತ್ತು ವಿಜ್ಞಾನಿಗಳ ಮೊದಲ ಅಂತಾರಾಷ್ಟ್ರೀಯ ಸಮ್ಮೇಳನಕ್ಕೆ ಹೋಗಿಬಂದರು. 1966ರಲ್ಲಿ ಲಂಡನ್ನಿನ ಎಲೆಕ್ಟ್ರಿಕಲ್ ಎಂಜಿನಿಯರುಗಳ ಸಂಸ್ಥೆಯ ಪೂರ್ಣ ಸದಸ್ಯತ್ವ ಸಿಕ್ಕಿತು. ಮರುಮದುವೆಯಾಗಲಿಲ್ಲ. 1977ರಲ್ಲಿ ನಿವೃತ್ತರಾಗಿ, 1979ರ ಅಕ್ಟೋಬರ್‌ನಲ್ಲಿ ಅರವತ್ತನೇ ವಯಸ್ಸಿನಲ್ಲಿ ತೀರಿಕೊಂಡರು.

ಇನ್ನು ಆ ಹುಡುಗಿಯ ಪ್ರಶ್ನೆ. ಲಲಿತಾ ಹಾಸ್ಟೆಲ್‌ನಲ್ಲಿದ್ದಾಗ ಮಗುವನ್ನು ನೋಡಿಕೊಂಡದ್ದು ಸಹೋದರನ ಸಂಸಾರ. ಶಿಮ್ಲಾಕ್ಕೆ ಹೋಗಲು ಸಾಧ್ಯವಾದದ್ದು ಅಲ್ಲಿ ಸಹೋದರನ ಮನೆಯಿದ್ದುದರಿಂದ. ಕಲ್ಕತ್ತಾ ಆರಿಸಿಕೊಂಡದ್ದೂ ಅದೇ ಕಾರಣಕ್ಕೆ, ಅಲ್ಲಿ ಇನ್ನೊಬ್ಬ ಸಹೋದರನಿದ್ದ. ಅವರ ಕೆಲಸದ ಊರುಗಳ ಪಟ್ಟಿಯ ಪಕ್ಕದಲ್ಲೇ ಮಗುವಿಗೆ ಅನ್ನ ಕಲಸಿ ತಿನ್ನಿಸಿದ ಮನೆಗಳ ಪಟ್ಟಿಯೂ ಇದೆ.

ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಕುಗ್ಗಿತು. ನಾನು ಹೆರಿಗೆಯ ನಂತರ ಕೆಲಸಕ್ಕೆ ಮರಳಿದಾಗ ಮಗಳಿಗೆ ಎಂಟು ತಿಂಗಳು. ಅಮ್ಮ ಹಾಸನದ ಮನೆಗೆ ಬೀಗ ಹಾಕಿ, ಭಾಷೆ ಬಾರದ ಈ ಊರಿಗೆ ಬಂದು ನಿಂತರು. ಆಫೀಸಿನಲ್ಲಿ ಎಲ್ಲವನ್ನೂ ಒಬ್ಬಳೇ ನಿಭಾಯಿಸುತ್ತೀಯ ಎಂದು ಹೊಗಳಿದವರಿಗೆಲ್ಲ ನಾನು ತಲೆಯಾಡಿಸಿದ್ದೇ ಹೆಚ್ಚು. ಶಿಬಿರದ ದಿನವೂ ಮಗಳು ಅಜ್ಜಿಯ ಜೊತೆಯಲ್ಲೇ ಇದ್ದಳು. ಸಂಜೆ ಮನೆಗೆ ಬಂದು ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಅವರು ನಕ್ಕು, ಕಾಫಿ ಲೋಟ ನನ್ನ ಕೈಗಿಟ್ಟರು.

ಪ್ರಶ್ನೆ ಕೇಳಿದ ಹುಡುಗಿ ಮರುದಿನ ಶಿಬಿರಕ್ಕೆ ಒಂದು ಗಂಟೆ ತಡವಾಗಿ ಬಂದಳು. ತಾಯಿ ಕೆಲಸಕ್ಕೆ ಹೋಗುವ ಹೊತ್ತಿನಲ್ಲಿ ತಮ್ಮನನ್ನು ನೋಡಿಕೊಳ್ಳುವವಳು ಅವಳೇ ಎಂದು ಆಗ ಗೊತ್ತಾಯಿತು. ಉಳಿದ ದಿನಗಳಲ್ಲಿ ತಮ್ಮನನ್ನೂ ಕರೆತರಲು ಹೇಳಿದೆವು. ಅವನು ಮೂಲೆಯಲ್ಲಿ ಕುಳಿತು ತಾಮ್ರದ ತಂತಿಯಿಂದ ಹಾವು ಮಾಡುತ್ತಿದ್ದ.

ಗೆಳತಿಯರೆ, ಈ ಬೇಸಿಗೆಯಲ್ಲಿ ನಿಮ್ಮ ಹತ್ತಿರ ಇಂಥ ಶಿಬಿರವಿದ್ದರೆ ಹುಡುಗಿಯೊಬ್ಬಳನ್ನು ಖಂಡಿತ ಕಳಿಸಿ. ಅವಳು ಬಾರದಿದ್ದರೆ ಆಸಕ್ತಿಯಿಲ್ಲ ಎಂದುಕೊಳ್ಳುವ ಮೊದಲು, ಮನೆಯಲ್ಲಿ ಅವಳ ಕೆಲಸ ಯಾರು ಮಾಡುತ್ತಾರೆ ಎಂದು ಒಮ್ಮೆ ಕೇಳಿ ನೋಡಿ.