ಆರ್ನಾಲ್ಡ್ ಜೇಕಬ್ಸನ ಚರಿತ್ರೆ

ಬ್ಯಾಂಡಿನಲ್ಲಿ ಎಲ್ಲಕ್ಕಿಂತ ತಗ್ಗಿದ ಸ್ವರವನ್ನು ಹೊರಡಿಸುವ ದೊಡ್ಡ ಹಿತ್ತಾಳೆಯ ಕಹಳೆಯನ್ನು ನಮ್ಮ ವಾಚಕರಲ್ಲಿ ಅನೇಕರು ನೋಡಿರುವರು. ಆ ಜಾತಿಯ ವಾದ್ಯಕ್ಕೆ ಟ್ಯೂಬಾ ಎಂದು ಹೆಸರು. ಮಿಕ್ಕ ಕಹಳೆಗಳಿಗಿಂತ ಇದಕ್ಕೆ ಹೆಚ್ಚು ಉಸಿರು ಬೇಕು. ಹೀಗಿದ್ದರೂ ಇದರಲ್ಲಿ ಬಹಳ ಪ್ರಖ್ಯಾತಿ ಹೊಂದಿದ ಅಮೇರಿಕದ ಒಬ್ಬನು ಉಬ್ಬಸರೋಗಿಯಾಗಿದ್ದನು.

ಆರ್ನಾಲ್ಡ್ ಜೇಕಬ್ಸನು 1915ನೆಯ ಇಸವಿಯಲ್ಲಿ ಫಿಲಡೆಲ್ಫಿಯ ಪಟ್ಟಣದಲ್ಲಿ ಹುಟ್ಟಿ ಕ್ಯಾಲಿಫೋರ್ನಿಯ ಸೀಮೆಯಲ್ಲಿ ಬೆಳೆದನು. ತಾಯಿಯು ಸಂಗೀತ ಬಲ್ಲವಳಾದ್ದರಿಂದ ಮಗನಿಗೆ ಎಳೇ ಪ್ರಾಯದಲ್ಲಿಯೇ ಅದರ ರುಚಿ ಹತ್ತಿತು. ಬ್ಯೂಗಲ್, ಟ್ರಂಪೆಟ್, ಟ್ರಾಂಬೋನ್ ಎಂಬವುಗಳನ್ನು ಒಂದಾದ ಮೇಲೊಂದು ಊದಿ ಕಡೆಗೆ ಟ್ಯೂಬಾವನ್ನು ಹಿಡಿದನು. 15ನೆಯ ವಯಸ್ಸಿನಲ್ಲಿ ವಿದ್ಯಾರ್ಥಿವೇತನ ದೊರೆತು ಫಿಲಡೆಲ್ಫಿಯದ ಕರ್ಟಿಸ್ ಸಂಗೀತಶಾಲೆಗೆ ಸೇರಿದನು. ಗುರುವಾದ ಡೊನಾಟೆಲ್ಲಿಯು ತನ್ನಲ್ಲಿದ್ದ ಯಾರ್ಕ್ ಕಂಪೆನಿಯ ದೊಡ್ಡ ಟ್ಯೂಬಾವನ್ನು ಈತನಿಗೆ ಮಾರಲು, ಹುಡುಗನು ಅದರ ಕ್ರಯವನ್ನು ವಾರವಾರ ಸ್ವಲ್ಪ ಸ್ವಲ್ಪವಾಗಿ ತೀರಿಸಿದನು.

1936ರಲ್ಲಿ ಶಾಲೆಯನ್ನು ಮುಗಿಸಿದ ತರುವಾಯ ಇಂಡಿಯಾನಪೊಲಿಸ್, ಪಿಟ್ಸ್‌ಬರ್ಗ್ ಪಟ್ಟಣಗಳ ವಾದ್ಯಮೇಳಗಳಲ್ಲಿ ಕೆಲಸಮಾಡಿ, 1944ರಲ್ಲಿ ಷಿಕಾಗೋ ಮೇಳಕ್ಕೆ ಬಂದು ಅಲ್ಲಿಯೇ 44 ವರುಷ ನೆಲೆಸಿದನು.

ಆದರೆ ನಮ್ಮ ಎಣಿಕೆಯಲ್ಲಿ ಈತನ ಹೆಚ್ಚಿನ ಕೆಲಸವು ಬೋಧನೆಯೇ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿಯೂ ಸ್ವಂತ ಮನೆಯಲ್ಲಿಯೂ ಕಲಿಸುತ್ತಿದ್ದನು. ಟ್ಯೂಬಾದವರು ಮಾತ್ರವಲ್ಲ, ಬೇರೆ ಬೇರೆ ವಾದ್ಯಗಳನ್ನು ಊದುವವರೂ ಸ್ವರ ಕೆಟ್ಟುಹೋದಾಗ ಈತನನ್ನು ಹುಡುಕಿಕೊಂಡು ಬರುತ್ತಿದ್ದರು. ಉಬ್ಬಸದ ದೆಸೆಯಿಂದ ಆತನ ಶ್ವಾಸಕೋಶಗಳು ಅನೇಕ ಶಿಷ್ಯರವುಗಳಿಗಿಂತ ಕಡಿಮೆ ಗಾಳಿಯನ್ನು ಹಿಡಿಯುತ್ತಿದ್ದವು. ಪ್ರಾಯ ಹೆಚ್ಚಿದಂತೆ ಅದೂ ಕುಂದಿತು. ಆದದರಿಂದ ಉಸಿರಾಟದ ವಿಷಯವನ್ನು ವೈದ್ಯಗ್ರಂಥಗಳಲ್ಲಿ ಓದಿ, ಗಾಳಿಯನ್ನು ಅಳೆಯುವ ಯಂತ್ರಗಳನ್ನಿಟ್ಟು ಪರೀಕ್ಷಿಸಿದನು. ಇಷ್ಟೆಲ್ಲಾ ತಿಳಿದವನು ಶಿಷ್ಯರಿಗೆ ಮಾಂಸಖಂಡಗಳ ಪಾಠವನ್ನೇ ಹೇಳಿರಬೇಕೆಂದು ತೋರೀತು. ಹಾಗಲ್ಲ. ಊದುವಾಗ ಅವುಗಳ ಚಿಂತೆಯನ್ನು ಬಿಡಿಸುವದೇ ಆತನ ಚಿಕಿತ್ಸೆ. ದೀಪವನ್ನು ಊದಿ ಆರಿಸುವವನು ತನ್ನ ಪಕ್ಕೆಲುಬುಗಳನ್ನು ಕುರಿತು ಯೋಚಿಸುವನೋ? ಮೊದಲು ರಾಗವನ್ನು ಮನಸ್ಸಿನಲ್ಲಿ ಹಾಡಿಕೊಳ್ಳಬೇಕು. ಗಾಳಿಯನ್ನು ಬಿಗಿಹಿಡಿದು ನೂಕದೆ ಧಾರಾಳವಾಗಿ ಹರಿಯಗೊಡಿಸಬೇಕು. ತುಟಿಯೂ ಎದೆಯೂ ಆ ಹಾಡನ್ನು ತಾವಾಗಿ ಹಿಂಬಾಲಿಸುವವು. ಗಾಳಿ ಕಡಿಮೆಯಿದ್ದವನು ಅದನ್ನು ಕೂಡಿಡಲು ನೋಡದೆ ಮೇಲಿಂದ ಮೇಲೆ ಉಸಿರು ತುಂಬಿಕೊಳ್ಳಲಿ. ಕಲಿಸಿದವನು ತಾನೂ ಹಾಗೆಯೇ ಊದುತ್ತಿದ್ದನು. ತಾನು ಕಷ್ಟಪಟ್ಟು ಸಂಪಾದಿಸಿದ ವಿದ್ಯೆಯ ಹೊರೆಯನ್ನು ಶಿಷ್ಯರ ತಲೆಯ ಮೇಲೆ ಹೊರಿಸದಿರುವದು ಎಲ್ಲಾ ಉಪಾಧ್ಯಾಯರಿಂದ ಆಗುವ ಮಾತಲ್ಲ.

1988ರಲ್ಲಿ ಮೇಳದಿಂದ ನಿವೃತ್ತನಾದರೂ ಪಾಠವನ್ನು ನಿಲ್ಲಿಸಲಿಲ್ಲ. 1998ನೆಯ ಅಕ್ಟೋಬರ್ 7ರಂದು, 83ನೆಯ ವಯಸ್ಸಿನಲ್ಲಿ ತೀರಿಕೊಂಡನು. ಹುಡುಗನಾಗಿ ಕಂತಿನಲ್ಲಿ ಕೊಂಡ ಆ ಯಾರ್ಕ್ ಟ್ಯೂಬಾವು ಷಿಕಾಗೋ ಮೇಳದ ಸ್ವತ್ತಾಗಿ, ಆತನ ಸ್ಥಾನಕ್ಕೆ ಬಂದವನೂ ಅದನ್ನು ಊದಿದನು.